ವೈನಿ, ಇಳೀಬ್ಯಾಡ್ರಿ

1968ರ ಮಾರ್ಚ್ ಹನ್ನೊಂದು, ಸೋಮವಾರ, ಮಲಕಾಜಪ್ಪ ವಿಜಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗೆ ಮೂವತ್ತೊಂಬತ್ತು ವರ್ಷ. ಮಣ್ಣಿಗೆ ಎಂಟು ಜನ ಬಂದಿದ್ದರು. ಅವರಲ್ಲೊಬ್ಬ ಹಿಡಿ ಮಣ್ಣು ಹಾಕಿ ಹಿಂದೆ ಸರಿಯುತ್ತ, “ದರೋಡಿ ಮಲಕಾಜಿ ಹ್ವಾದ ನೋಡ್ರಿ” ಅಂದು ನಕ್ಕುಬಿಟ್ಟ. ನಕ್ಕವನು ಕೆಟ್ಟವನಲ್ಲ. ಟಿಕೋಟಾದವರಿಗೆ ಒಂಬತ್ತು ವರ್ಷದಿಂದ ಆ ಹೆಸರು ಕೇಳಿದರೆ ನಗು ತಾನಾಗಿ ಬರುತ್ತಿತ್ತು.

ಟಿಕೋಟಾದ ಹೊರಗೆ ಸಿನಿಮಾ ಟೆಂಟು ಬಿದ್ದ ವರ್ಷದಿಂದ ಮಲಕಾಜಪ್ಪ ಅದರ ಬಾಗಿಲಲ್ಲಿ ನಿಂತು ಚೀಟಿ ಹರಿಯುತ್ತಿದ್ದ. ಕುರಿ ಕಾಯುವ ಮನೆತನದವನು, ಕುರಿ ಬಿಟ್ಟು ಟೆಂಟು ಸೇರಿದ್ದ. ಹೆಂಡತಿ ರಾಚವ್ವ ಬಬಲೇಶ್ವರದವಳು. ಅವಳು ಟೆಂಟಿನೊಳಗೆ ಕಾಲಿಟ್ಟವಳೇ ಅಲ್ಲ. ಆದರೆ ಅಲ್ಲಿಗೆ ಬಂದ ಸಿನಿಮಾಗಳನ್ನೆಲ್ಲ ಅವನು ರೊಟ್ಟಿ ಮುರಿಯುತ್ತ ಹೇಳುತ್ತಿದ್ದ, ಅವಳು ಎದುರಿಗೆ ಕೂತು ಕೇಳುತ್ತಿದ್ದಳು. ಹಾಗೆ ಮೂರು ವರ್ಷ ನಡೆಯಿತು. ಅವನ ಬದುಕಿನಲ್ಲಿ ಚೆನ್ನಾಗಿದ್ದ ದಿನಗಳು ಅಷ್ಟೇ.

1958ರ ಪಂಚಮಿಗೆ ರಾಚವ್ವನ ಅಣ್ಣ ಯಲಗೂರಪ್ಪ ಬಂದು ತಂಗಿಯನ್ನು ತವರಿಗೆ ಕರೆದೊಯ್ದ. ಪಂಚಮಿ ಮುಗಿಯಿತು, ದಸರೆ ಮುಗಿಯಿತು, ರಾಚವ್ವ ಬರಲಿಲ್ಲ. ಮಲಕಾಜಪ್ಪ ಕರೆಯಲು ಹೋದ. ಯಲಗೂರಪ್ಪ ಕೈಕಾಲಿಗೆ ನೀರು ಕೊಟ್ಟ, ಉಣ್ಣಲಿಕ್ಕೆ ಹಾಕಿಸಿದ, ಆಮೇಲೆ ಅಂದ:

“ಕತ್ತಲಾದ ಮ್ಯಾಲ ಉದ್ಯೋಗಕ್ಕ ಹೋಗಾವ್ರು ಇಬ್ಬರ ನೋಡ್ರಿ ಮಾಂವಾರ. ಒಬ್ಬ ಕಳ್ಳ, ಇನ್ನೊಬ್ಬ ನೀವು. ಒಂದ ಗಂಡಸಿನ ಕೆಲಸ ಮಾಡಿ ತೋರಸ್ರಿ, ಅವತ್ತ ಕಳಸ್ತೀನಿ.”

ಮೂರು ಸಲ ಹೋದ, ಮೂರು ಸಲವೂ ಉಂಡು ಬರಿಗೈಲಿ ಬಂದ.

ಅದೇ ಚಳಿಗಾಲ ಟೆಂಟಿಗೆ ನಗೆಯ ಸಿನಿಮಾ ಒಂದು ಬಂತು. ಕಳ್ಳತನ ಗೊತ್ತಿಲ್ಲದ ಮೂವರು ಕಳ್ಳರು ಸಾಹುಕಾರನ ಪೆಟ್ಟಿಗೆ ಹೊತ್ತು ಓಡುತ್ತಾರೆ; ತೆರೆದರೆ ಒಳಗೆ ಇನ್ನೊಬ್ಬ ಕಳ್ಳ. ನಡುವೆ ಒಂದು ಕಡೆ ಅವರು ಒಂದು ಹೆಣ್ಣಿನ ಗಾಡಿ ತಡೆಯುತ್ತಾರೆ, ನಾಯಕ ಬಂದು ಬಿಡಿಸುತ್ತಾನೆ, ಆಕೆಯ ಅಪ್ಪ ಅವನ ಕೈಹಿಡಿದು ಮನೆಗೆ ಕರೆದೊಯ್ಯುತ್ತಾನೆ. ಹತ್ತೊಂಬತ್ತು ದಿನ ಊರೆಲ್ಲ ನಕ್ಕಿತು. ಬಾಗಿಲಲ್ಲಿ ನಿಂತ ಮಲಕಾಜಪ್ಪ ಹತ್ತೊಂಬತ್ತು ದಿನವೂ ಆ ಗಾಡಿಯನ್ನೇ ನೋಡಿದ.

ಇಪ್ಪತ್ತನೆಯ ದಿನ ಮಧ್ಯಾಹ್ನ, ಖಾಲಿ ಟೆಂಟಿನಲ್ಲಿ, ಇಬ್ಬರು ಗೆಳೆಯರನ್ನು ಕೂರಿಸಿಕೊಂಡ. ಒಬ್ಬ ಕುರಿ ಕಾಯುವ ಖಂಡಪ್ಪ, ಇನ್ನೊಬ್ಬ ಟೆಂಟಿನ ಮಿಷನ್ ಓಡಿಸುವ ಅಬ್ದುಲಸಮದ. ಯಲಗೂರಪ್ಪ ತಂಗಿಯನ್ನು ಕರೆದುಕೊಂಡು ಟಿಕೋಟಾದ ನೆಂಟರ ಮದುವೆಗೆ ಬರುವವನಿದ್ದ. ದಾರಿಯ ಹಳ್ಳದಲ್ಲಿ ಇವರಿಬ್ಬರೂ ಮುಖಕ್ಕೆ ಟವೆಲ್ ಕಟ್ಟಿ ಗಾಡಿ ತಡೆಯಬೇಕು, ಅವಳು ಚೀರಬೇಕು, ಮಲಕಾಜಪ್ಪ ಸೈಕಲ್ ಮೇಲೆ ಬಂದು ಇವರನ್ನು ಹೊಡೆದೋಡಿಸಬೇಕು.

“ಎತ್ತ ಯಾರ ಹಿಡೀಬೇಕು?” ಅಂದ ಖಂಡಪ್ಪ.

“ನಾ ಹಿಡ್ಯಾಂಗಿಲ್ಲಪಾ. ನನಗ ಎತ್ತಂದ್ರ ಅಂಜಿಕಿ,” ಅಂದ ಅಬ್ದುಲಸಮದ.

“ಕಳ್ಳಾಗಿ ಎತ್ತಿಗೆ ಅಂಜತೀಯಲ್ಲಲೇ!”

“ಕಳ್ಳ ನಾಳಿಂದ ಆಗಾಂವ. ಎತ್ತಿಗೆ ಹುಟ್ಟಿದಾಗಿಂದ ಅಂಜತೇನಿ.”

“ನಗಬ್ಯಾಡ್ರೋ,” ಅಂದ ಮಲಕಾಜಪ್ಪ. “ಆಕಿ ಬರಲಿಲ್ಲಂದ್ರ ನನಗ ಮನಿ ಅನ್ನೂದ ಇಲ್ಲ.”

ಮರುದಿನ ಏರುಬಿಸಿಲಲ್ಲಿ ಗಾಡಿ ಹಳ್ಳಕ್ಕಿಳಿಯಿತು. ಮಲಕಾಜಪ್ಪ ದೊಡ್ಡ ಜಾಲಿಗಿಡದ ಹಿಂದೆ ಸೈಕಲ್ ಹಿಡಿದು ನಿಂತಿದ್ದ. ಖಂಡಪ್ಪ ಕೊಡಲಿ ಎತ್ತಿ ಹಾರಿ ದಾರಿಗೆ ಬಂದ. ಅಬ್ದುಲಸಮದ ಎತ್ತಿನಿಂದ ಎಂಟು ಮಾರು ದೂರ ನಿಂತ.

“ಇಳೀರಿ! ಎಲ್ಲಾರೂ ಕೆಳಗ ಇಳೀರಿ!” ಎಂದು ಖಂಡಪ್ಪ ಒದರಿದ.

ರಾಚವ್ವ ಹೆದರಿ ಸೀರೆ ಎತ್ತಿಕೊಂಡು ಗಾಡಿಯಿಂದ ಬರಿಗಾಲು ಕೆಳಗೆ ಇಳಿಬಿಟ್ಟಳು. ನೆಲದ ತುಂಬ ಜಾಲಿಮುಳ್ಳು. ಖಂಡಪ್ಪ ಅವಳನ್ನು ಅತ್ತಿಗೆ ಅಂದುಕೊಂಡು ಎಷ್ಟೋ ಸಲ ಅವಳ ಕೈಯ ಮಜ್ಜಿಗೆ ಕುಡಿದವನು. ಅವನ ಬಾಯಿ ತಡೆಯಲಿಲ್ಲ.

“ವೈನಿ, ನೀವು ಇಳೀಬ್ಯಾಡ್ರಿ! ಕೆಳಗ ಮುಳ್ಳ ಅದಾವು!”

ರಾಚವ್ವ ಕಾಲು ಮೇಲೆಳೆದುಕೊಂಡಳು. ಆಮೇಲೆ ಯಲಗೂರಪ್ಪ ಹಗ್ಗ ಬಿಟ್ಟು ನಗುತ್ತ ಹೊಟ್ಟೆ ಹಿಡಿದುಕೊಂಡ. “ಲೇ ಖಂಡ್ಯಾ, ಆ ಅರಿವಿ ತಗಿಯೋ, ಶಕಿ ಆಕ್ಕೈತಿ! ಮಾಂವಾರೂ ಬರ್ರಿ, ಗಿಡದ ಹಿಂದ ಎಷ್ಟೊತ್ತ ನಿಂದ್ರತೀರಿ?”

ಮಲಕಾಜಪ್ಪ ಹೊರಗೆ ಬಂದ. ರಾಚವ್ವ ನಗುತ್ತಿದ್ದಳು. ಅವನು ಕಥೆ ಹೇಳುವಾಗ ನಗುತ್ತಿದ್ದ ಹಾಗೆಯೇ ನಗುತ್ತಿದ್ದಳು, ಕಣ್ಣಲ್ಲಿ ನೀರು ಬಂದಿತ್ತು. ಎಲ್ಲ ಸರಿಹೋಯಿತೆಂದು ಅವನಿಗೆ ಅನ್ನಿಸಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗು ನಿಂತಿತ್ತು.

“ಮೂರ ಸಲ ಬಂದ್ರಿ,” ಅಂದಳು. “ಮೂರ ಸಲಾನೂ ಅಣ್ಣನ ಕೂಡ ಮಾತಾಡಿ ಉಂಡು ಹ್ವಾದ್ರಿ. ‘ಮನಿಗಿ ಬಾ’ ಅಂತ ನನಗೊಂದ ಮಾತ ಅಂದ್ರೇನು? ನಾ ಗಂಟ ಕಟಗೊಂಡ ಒಳಗ ಕುಂತಿದ್ದೆ.”

ಆಗಲಾದರೂ ಅನ್ನಬೇಕಿತ್ತು. ಯಲಗೂರಪ್ಪ ಇನ್ನೂ ನಗುತ್ತಲೇ ಇದ್ದ. ಆ ನಗುವಿನ ಎದುರು ಮಲಕಾಜಪ್ಪನ ನಾಲಿಗೆ ಏಳಲಿಲ್ಲ. ಗಾಡಿ ಹಳ್ಳ ಹತ್ತಿ ಹೋಯಿತು.

ಮದುವೆಯ ಊಟದ ಪಂಕ್ತಿಯಲ್ಲೇ ಸುದ್ದಿ ಹಬ್ಬಿತು. ಟೆಂಟಿನ ಬಾಗಿಲಲ್ಲಿ ಚೀಟಿ ಕೊಡುವ ಪ್ರತಿಯೊಬ್ಬನೂ “ವೈನಿ, ಇಳೀಬ್ಯಾಡ್ರಿ” ಅನ್ನತೊಡಗಿದ. ವಾರ ಕಳೆದ ಮೇಲೆ ಧೈರ್ಯ ಮಾಡಿ, ಆ ಒಂದು ಮಾತು ಅವಳಿಗೇ ಹೇಳಬೇಕೆಂದು ಬಬಲೇಶ್ವರದ ಬಸ್ಸು ಹತ್ತಿದ. ಇಳಿದ ಕೂಡಲೇ ಚಹಾದ ಅಂಗಡಿಯಿಂದ ಯಾರೋ ಅದನ್ನೇ ಕೂಗಿದರು. ಅಂಗಡಿಯೆಲ್ಲ ನಕ್ಕಿತು. ತನ್ನ ಹೆಂಡತಿ ದಿನಾ ಈ ನಗುವಿನ ನಡುವೆಯೇ ನೀರಿಗೆ ಹೋಗುತ್ತಾಳೆ ಎಂಬುದು ಅವನಿಗೆ ಆಗ ಹೊಳೆಯಿತು. ಬಂದ ಬಸ್ಸಿನಲ್ಲೇ ತಿರುಗಿ ಹೋದ.

ಟಿಕೋಟಾ ಬಿಟ್ಟ. ವಿಜಾಪುರದ ಇಬ್ರಾಹಿಂಪುರದಲ್ಲಿ ರೈಲಿನ ಹಳಿಯ ಹತ್ತಿರ ಒಂದು ಕೋಣೆ ಹಿಡಿದು, ಜೋರಾಪುರ ಪೇಟೆಯ ಹತ್ತಿಯ ವಖಾರವೊಂದರಲ್ಲಿ ಹತ್ತಿ ತುಂಬಿದ ಅಂಡಿಗೆ ಹೊರುವ ಕೆಲಸಕ್ಕೆ ಸೇರಿದ. ಅಲ್ಲಿಗೂ ಯಲಗೂರಪ್ಪ ವರ್ಷಕ್ಕೊಮ್ಮೆ ಬರುತ್ತಿದ್ದ, ಕೈಯಲ್ಲಿ ಸೋಡಚೀಟಿ: ಹೆಂಡತಿಯನ್ನು ಬಿಟ್ಟುಕೊಟ್ಟೆ ಎಂದು ಗಂಡ ಹೆಬ್ಬೆಟ್ಟು ಒತ್ತಿಕೊಡುವ ಕಾಗದ. ಅದು ಸಿಕ್ಕರೆ ತಂಗಿಗೆ ಉಡಿಕಿ ಮಾಡಿ ಇನ್ನೊಂದು ಮನೆಗೆ ಕೊಡಬಹುದು. ಮಲಕಾಜಪ್ಪ ಹೆಬ್ಬೆಟ್ಟು ಒತ್ತಲಿಲ್ಲ. ಅವಳು ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಎಲ್ಲೋ ಒಂದು ಊರಲ್ಲಿ ತನ್ನ ಹೆಸರಿನ ಕುಂಕುಮ ಇದೆ ಅನ್ನುವುದು ಅವನಿಗೆ ಬೇಕಾಗಿತ್ತು.

ಹತ್ತಿಯ ಧೂಳು ಎದೆಗೆ ಇಳಿಯಿತು. ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ. ಇನ್ನು ಏಳುವುದಿಲ್ಲವೆಂದು ತಿಳಿದ ದಿನ, ನೋಡಲು ಬಂದಿದ್ದ ಖಂಡಪ್ಪನನ್ನು ಹತ್ತಿರ ಕರೆದ.

“ಯಲಗೂರಪ್ಪಗ ಕಾಗದ ತಗೊಂಡ ಬಾ ಅನ್ನು.”

“ಒಂಬತ್ತ ವರ್ಷ ಒಲ್ಲೆ ಒಲ್ಲೆ ಅಂದಿ. ಈಗ್ಯಾಕೋ?”

“ನಾ ಸತ್ರ ಆಕೀ ಬಳಿ ಒಡೀತಾರ, ಕುಂಕುಮ ಅಳಸ್ತಾರ. ಬಿಟ್ಟಾಂವ ಸತ್ರ ಒಡ್ಯಾಂಗಿಲ್ಲ.”

ಯಲಗೂರಪ್ಪ ಭಾನುವಾರ ಬಂದ. ಮಂಚದ ಪಕ್ಕ ಕೂತು ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡ.

“ಆಕಿ ಏನರ ಅಂದ್ಲೇನು?” ಎಂದು ಮಲಕಾಜಪ್ಪ ಕೇಳಿದ.

“ಇಲ್ರಿ ಮಾಂವಾರ. ಈ ಕಾಗದ ಆಕಿ ಯಾವತ್ತೂ ಕೇಳಿದ್ದಿಲ್ಲ. ನಾನ ಕೇಳಾಂವ. ಉಡಿಕಿ ಒಲ್ಲೆ ಅಂತ ಮೊದಲನೇ ವರ್ಷಾನ ಅಂದಾಳ.”

ಮಲಕಾಜಪ್ಪ ಗೋಡೆಯ ಕಡೆ ಹೊರಳಿದ. ಒಂಬತ್ತು ವರ್ಷವೂ ಬಸ್ಸು ದಿನಾ ಬಬಲೇಶ್ವರಕ್ಕೆ ಹೋಗುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಈಚೆ ತಿರುಗಿ ಕೈ ಚಾಚಿದ. ಖಂಡಪ್ಪ ಹೆಬ್ಬೆರಳಿಗೆ ಶಾಯಿ ಹಚ್ಚಿದ, ಯಲಗೂರಪ್ಪ ಕಾಗದ ಹಿಡಿದ. ಮಲಕಾಜಪ್ಪ ಹೆಬ್ಬೆಟ್ಟು ಒತ್ತಿದ. ಹಸಿ ಶಾಯಿ ಹರಡಿ ಗುರುತು ಕೆಟ್ಟೀತೆಂದು ಕಾಗದವನ್ನು ಇಸಿದುಕೊಂಡು, ಮುಖದ ಹತ್ತಿರ ತಂದು, ಇದ್ದಷ್ಟು ಉಸಿರಿನಿಂದ ಅದರ ಮೇಲೆ ಊದಿದ.