ರುದ್ರಪ್ಪನವರ ನೀಲಿ ಮುಖಗಳು

ರುದ್ರಪ್ಪನವರು ಯಾರನ್ನು ಕಂಡರೂ ಮೊದಲು ಮುಖದಲ್ಲಿ ಹಳದಿ ಎಷ್ಟಿದೆ ಎಂದು ಅಳೆಯುತ್ತಿದ್ದರು. ಕ್ಷೇಮಸಮಾಚಾರ ಆಮೇಲೆ. ಕಾಮಾಕ್ಷಿಪಾಳ್ಯದ ಅವರ ಡಿಜಿಟಲ್ ಪ್ರಿಂಟಿಂಗ್ ಅಂಗಡಿಗೆ ನಾನು ಬಡಾವಣೆಯ ಸಂಘದ ಕಾರ್ಯದರ್ಶಿ ಎಂಬ ಘನಪದವಿಯ ಭಾರ ಹೊತ್ತು ಬ್ಯಾನರ್ ಮಾಡಿಸಲು ಹೋಗುತ್ತಿದ್ದೆ.

“ಸ್ಕ್ರೀನು ಬೆಳಕು ಕೊಡುತ್ತೆ, ಇಂಕು ಬೆಳಕು ತಿನ್ನುತ್ತೆ ಸಾರ್. ಮಧ್ಯ ನಾನು ಬ್ರೋಕರ್ರು,” ಎನ್ನುತ್ತಿದ್ದರು. ಪರದೆಯ ಕೆಂಪು, ಹಸಿರು, ನೀಲಿ ಬೆಳಕನ್ನು ನಾಲ್ಕು ಶಾಯಿಗಳ ಸಣ್ಣ ಚುಕ್ಕಿಗಳಾಗಿ ಒಡೆಯುವ ಕೆಲಸವನ್ನು ಕಂಪ್ಯೂಟರ್ ತಾನೇ ಮಾಡುತ್ತಿತ್ತು. ಮುಖಗಳನ್ನು ಮಾತ್ರ ಅವರು ಅದಕ್ಕೆ ಬಿಡುತ್ತಿರಲಿಲ್ಲ. ಪರದೆಗೆ ಮೂಗು ತಾಗಿಸಿ, ಹಳದಿಯನ್ನು ಕಣ್ಣಂದಾಜಿನಲ್ಲೇ ಏರಿಸಿ ಇಳಿಸಿದ ಮೇಲೆಯೇ ಮುದ್ರಣಕ್ಕೆ ಅಪ್ಪಣೆ. “ಕಂಪ್ಯೂಟರ್‌ಗೆ ಚರ್ಮ ಇದ್ಯಾ ಸಾರ್? ಅದಕ್ಕೇನ್ ಗೊತ್ತು?”

ಕಳೆದ ವರ್ಷ ಮಾಗಡಿ ರಸ್ತೆಯ ಬ್ಯಾನರ್‌ಗಳಲ್ಲಿ ಮುಖಗಳು ನೀಲಿಗಟ್ಟತೊಡಗಿದವು. ಮೊದಲು ತುಟಿ, ನಂತರ ಕೆನ್ನೆ. ಗೃಹಪ್ರವೇಶದ ದಂಪತಿ, ನಾಮಕರಣದ ಮಗು, ಎಲ್ಲರೂ ನೀರಿನಿಂದ ಎತ್ತಿ ತಂದವರಂತೆ ನಗುತ್ತಿದ್ದರು. ಒಂದು ಬೆಳಿಗ್ಗೆ ಪುಢಾರಿಯೊಬ್ಬರ ಶಿಷ್ಯ ಅಂಗಡಿಗೆ ನುಗ್ಗಿದ.

“ಏನಣ್ಣಾ ಇದು! ನಮ್ಮಣ್ಣನ ಬರ್ತ್‌ಡೇ ಬ್ಯಾನರ್‌ಗೆ ಯಾವ್ದೋ ಅಜ್ಜಿ ಹೂ ಇಟ್ಟು ಕೈ ಮುಗ್ದು ಹೋಗವ್ಳೆ! ಅಣ್ಣ ಇನ್ನೂ ಬದುಕವ್ರೆ!”

“ಬದುಕಿರ್ಲಿ ಬಿಡಪ್ಪ, ನಾನ್ ಬೇಡ ಅಂದ್ನಾ?” ಎಂದರು ರುದ್ರಪ್ಪ.

ಶಾಯಿ ಬದಲಿಸಿದರು, ಯಂತ್ರ ತೊಳೆದರು. ನೀಲಿ ಹೋಗಲಿಲ್ಲ. ಕೊನೆಗೆ ಹೆಂಡತಿ ಗಿರಿಜಮ್ಮ ಕಣ್ಣಿನ ಡಾಕ್ಟರ ಬಳಿ ಎಳೆದೊಯ್ದರು. ಎರಡೂ ಕಣ್ಣಿಗೆ ಹಳದಿ ಪೊರೆ! ಲೋಕವೇ ಹಳದಿಯಾಗಿ ಕಂಡದ್ದರಿಂದ, ಹೆಚ್ಚಾಯಿತೆಂದು ಎಲ್ಲರ ಮುಖದಿಂದಲೂ ಅದನ್ನು ತೆಗೆಯುತ್ತಾ ಬಂದಿದ್ದರು; ಉಳಿದದ್ದು ನೀಲಿ. ತಡಮಾಡಿದರೆ ದೃಷ್ಟಿಯೇ ಹೋದೀತು ಎಂದರು ಡಾಕ್ಟರು.

“ಪೊರೆ ತೆಗೆದು ಬೇರೆ ಲೆನ್ಸ್ ಇಡ್ತಾರಂತೆ. ಆಮೇಲೆ ಕಾಣೋ ಬಣ್ಣಾನ ಹೇಗೆ ನಂಬ್ಲಿ ಸಾರ್? ಹಬ್ಬದ ಸೀಸನ್ ಮುಗೀಲಿ, ನೋಡೋಣ.”

ಹಬ್ಬಗಳಿಗೆ ನಮ್ಮಲ್ಲಿ ಮುಗಿಯುವ ಅಭ್ಯಾಸವಿಲ್ಲ.

ಸಂಘದ ಚುನಾವಣೆಗೆ ನನ್ನದೇ ಬ್ಯಾನರ್ ಬೇಕಾಯಿತು. ಯಂತ್ರದಿಂದ ನಿಧಾನವಾಗಿ ಹಣೆ ಹೊರಬಂತು, ಆಮೇಲೆ ತೆರೆದೇ ಇದ್ದ ಕಣ್ಣು, ನೀಲಿ ತುಟಿ. ನನ್ನ ಅಂತಿಮದರ್ಶನಕ್ಕೆ ನಾನೇ ಮೊದಲಿಗನಾಗಿ ನಿಂತಿದ್ದೆ.

“ನೀಲಿ ಕಣ್ರೀ ರುದ್ರಪ್ಪ. ನಾಳೆನೇ ಆಸ್ಪತ್ರೆಗೆ ಹೋಗಿ,” ಎಂದೆ.

“ನೀಲೀನಾ? ನನಗೆ ಈಗಷ್ಟೇ ಊಟ ಮಾಡಿ ಎದ್ದವರ ಥರ ಕಾಣ್ತಿದೀರಲ್ಲ ಸಾರ್!”

ದೀಪಾವಳಿ ಕಳೆದ ಮೇಲೆ ಅಂಗಡಿಯಲ್ಲಿ ಅವರಿರಲಿಲ್ಲ. ಮಲ್ಲತ್ತಹಳ್ಳಿಯ ಮನೆಗೆ ಹೋದೆ. ಪೊರೆ ಬಲಿತು, ಕಣ್ಣಿನೊಳಗೆ ಒತ್ತಡ ಏರಿ ನೋವೆದ್ದು, ಆಸ್ಪತ್ರೆ ಸೇರುವಷ್ಟರಲ್ಲಿ ಎರಡೂ ಕಣ್ಣು ಹೋಗಿದ್ದವೆಂದು ಗಿರಿಜಮ್ಮ ಬಾಗಿಲಲ್ಲೇ ಪಿಸುಗುಟ್ಟಿದರು. ನನ್ನ ದನಿ ಕೇಳಿ ರುದ್ರಪ್ಪ ಕುರ್ಚಿಯಲ್ಲಿ ನೆಟ್ಟಗಾದರು.

“ಕತ್ತಲಲ್ಲಿ ಯಾಕ್ ನಿಂತಿದೀರಾ ಸಾರ್? ಕಿಟಕಿ ಹತ್ರ ಬನ್ನಿ.”

ಹಾಡುಹಗಲು. ಕಿಟಕಿಯ ಬಳಿ ಹೋಗಿ ನಿಂತೆ.

“ಹಾಂ, ಈಗ ಕಾಣ್ತಿದೀರಿ,” ಎಂದರು, ನಾನು ಬಿಟ್ಟುಬಂದ ಬಾಗಿಲನ್ನೇ ನೋಡುತ್ತಾ.