ಅಪ್ಪ ಮರಳಿ ಒಗೆದ ಚೆಂಡು

ಬೆಳಿಗ್ಗೆ ಎದ್ದು ಅಪ್ಪನ ಹಾಸಿಗೆಯ ಚಾದರ ಬದಲಿಸಿದೆ, ಗಡ್ಡ ಬೋಳಿಸಿದೆ, ಎಸಿಯ ಜಾಳಿಗೆ ತೊಳೆದು ಬಾಲ್ಕನಿಯಲ್ಲಿ ಒಣಗಲು ಇಟ್ಟೆ, ಹೆಸರುಬೇಳೆ ನೆನೆಹಾಕಿದೆ. ಮಧ್ಯಾಹ್ನ ಬಿನ್ ಮಹಮೂದ್ ಬಡಾವಣೆಯ ಕ್ಲಿನಿಕ್ಕಿಗೆ ಹೋಗಿ ಅಪ್ಪನ ಗುಳಿಗೆ ತಂದೆ. ಬರುವಾಗ ಬಿಸಿಲಿಗೆ ಕಣ್ಣು ಕತ್ತಲೆ ಬಂದಂತಾಗಿ, ಸ್ವಲ್ಪ ತಂಪಿಗೆಂದು ಪಕ್ಕದ ಆಟದ ಸಾಮಾನಿನ ಅಂಗಡಿ ಹೊಕ್ಕೆ. ಫುಟ್‌ಬಾಲುಗಳ ಸಾಲಿನ ಕೊನೆಯಲ್ಲಿ ಒಂದೇ ಒಂದು ಬೇಸ್‌ಬಾಲ್ ಚೆಂಡು ಕುಳಿತಿತ್ತು. ಬಿಳಿ ತೊಗಲು, ಕೆಂಪು ದಾರದ ಹೊಲಿಗೆ. ಕೈಗೆತ್ತಿಕೊಂಡು ಮೂಸಿದೆ. ಆ ವಾಸನೆಗೆ ನನ್ನ ಬಾಲ್ಯದ ಊರು, ಕೊಲ್ಲಿಯ ಮರಳುಗಾಡಿನ ದುಖಾನ್, ಇಡಿಯಾಗಿ ಎದ್ದು ಬಂತು.

ನಾವಿದ್ದದ್ದು ಅಲ್ಲಿನ ತೈಲ ಕಂಪನಿಯ ಕ್ವಾರ್ಟರ್ಸಿನಲ್ಲಿ. ಗದಗಿನ ಕಡೆಯಿಂದ ಬಂದಿದ್ದ ಅಪ್ಪ ಪೈಪುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಪ್ರತಿ ಬೇಸಿಗೆ, ಶಾಲೆಗೆ ರಜೆ ಬಿದ್ದ ಕೂಡಲೇ, ಕಂಪನಿಯ ಅಮೆರಿಕದ ಎಂಜಿನಿಯರುಗಳು ತಮ್ಮ ದೇಶದ ವೃತ್ತಿ ಆಟಗಾರರನ್ನು ಕರೆಸಿ ಬೇಸ್‌ಬಾಲ್ ಹಬ್ಬ ಮಾಡುತ್ತಿದ್ದರು. ಕಾದ ಮೈದಾನಕ್ಕೆ ಸಂಜೆ ನೀರು ಚಿಮುಕಿಸಿದಾಗ ಮಣ್ಣಿನಿಂದ ಹಬೆ ಏಳುತ್ತಿತ್ತು. ಕಂಬದ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಆಟಕ್ಕೆ ಮೊದಲು ಮಕ್ಕಳನ್ನು ಒಳಗೆ ಬಿಡುತ್ತಿದ್ದರು. ಮೈದಾನದ ಮೂಲೆಮೂಲೆಗೆ ಗುರುತಿಗೆಂದು ಇಟ್ಟ ಬಿಳಿ ದಿಂಬುಗಳನ್ನು ತುಳಿಯುತ್ತ ನಾವು ಸುತ್ತು ಓಡಿ ಬಂದರೆ ಆ ಎತ್ತರದ ಆಟಗಾರರು ಬಗ್ಗಿ ನಮ್ಮ ಅಂಗೈಗೆ ಅಂಗೈ ಬಡಿಯುತ್ತಿದ್ದರು. ಅಷ್ಟು ಸಂತೋಷ ನನಗೆ ಆಮೇಲೆ ಎಲ್ಲಿಯೂ ಸಿಕ್ಕಿಲ್ಲ. ಅವ್ವ ಸ್ಟೀಲಿನ ಡಬ್ಬಿ ತೆರೆದಳೆಂದರೆ ಮಂಡಕ್ಕಿ ಗಿರ್ಮಿಟ್ಟಿನ ಈರುಳ್ಳಿಯ ಘಮ ಸಾಲಿನುದ್ದಕ್ಕೂ ಹರಡುತ್ತಿತ್ತು. ಆಟಗಾರರ ತೊಗಲಿನ ಕೈಗವಸು ಕಂಡು, "ಅಯ್ಯ, ಕೈಯಾಗ ಚಪ್ಪಲಿ ಹಾಕ್ಕೊಂಡಾನಲ್ಲ ಅಂವ!" ಎಂದು ಆಕೆ ಪ್ರತಿ ವರ್ಷವೂ ಹೊಸದಾಗಿ ಬೆರಗಾಗುತ್ತಿದ್ದಳು. ಕಂಪನಿಯ ಬಸ್ಸು ಓಡಿಸುತ್ತಿದ್ದ ಪುತ್ತೂರಿನ ಹಮೀದಾಕ ಅವಳ ಡಬ್ಬಿಗೆ ಕೈಹಾಕುತ್ತ, "ಅಕ್ಕಾ, ನೀವು ಆಟ ನೋಡಿ. ಇದನ್ನು ನಾನು ನೋಡಿಕೊಳ್ತೇನೆ" ಎನ್ನುತ್ತಿದ್ದರು.

ಜನ ಕುಳಿತಲ್ಲಿಗೆ ಬಂದ ಚೆಂಡು ಹಿಡಿದವರಿಗೇ ಸೇರುತ್ತದೆ, ಅದು ಆ ಆಟದ ಪದ್ಧತಿ. ಅಂಥದೊಂದು ಚೆಂಡಿಗಾಗಿ ನಾನು ವರ್ಷವಿಡೀ ಆಸೆಪಟ್ಟಿದ್ದೆ. ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಅದು ಬಂತು. ದೀಪಗಳ ಮೇಲಿನ ಕತ್ತಲೆಗೆ ಹೋಗಿ, ಇಳಿದು, ನೇರ ನಮ್ಮ ಸಾಲಿಗೇ ಬಂತು. ಅಪ್ಪ ಎದ್ದು ನಿಂತು ಬರಿಗೈಯಲ್ಲಿ ಹಿಡಿದ. ಸುತ್ತಲಿನವರೆಲ್ಲ ಕೂಗಿ ಚಪ್ಪಾಳೆ ತಟ್ಟಿದರು. ನಾನು ಎರಡೂ ಕೈ ಚಾಚಿದೆ. ಊರ ಬಯಲಿನಲ್ಲಿ ಕ್ರಿಕೆಟ್ ಆಡಿ ಬೆಳೆದ ಅಪ್ಪ ಒಂದು ಹೆಜ್ಜೆ ಮುಂದಿಟ್ಟು, ತೋಳು ಬೀಸಿ, ಚೆಂಡನ್ನು ಮೈದಾನದ ನಟ್ಟನಡುವೆ ನಿಂತವನ ಕೈಗೇ ಒಗೆದುಬಿಟ್ಟ.

"ಎಂಥದು ಮಾರಾಯ್ರೇ! ಅದು ನಿಮ್ಮದೇ ಅಲ್ವಾ? ಹಿಂದೆ ಬಿಸಾಡುದಾ ಯಾರಾದ್ರೂ?" ಹಮೀದಾಕ ತಲೆ ಮೇಲೆ ಕೈ ಹೊತ್ತರು.

"ಚೆಂಡಿಲ್ದ ಅವ್ರು ಹೆಂಗ ಆಡ್ಬೇಕ್ರಿ? ಪಾಪ, ಆಟ ನಿಂದರತದ" ಎಂದ ಅಪ್ಪ.

ನಾನು ಬಸ್ಸಿನಲ್ಲಿ ಮನೆ ತಲುಪುವವರೆಗೂ ಅತ್ತೆ. ಮುಂದೆ ಅದೇ ಅವನ ಮೆಚ್ಚಿನ ಕಥೆಯಾಯಿತು. ಮನೆಗೆ ಯಾರೇ ಬರಲಿ, ಚಹಾದ ಕಪ್ಪು ಕೆಳಗಿಟ್ಟು, ಎದ್ದು ನಿಂತು, ತೋಳು ಬೀಸಿ ತೋರಿಸಿಯೇ ಹೇಳುತ್ತಿದ್ದ. ಕೊನೆಯ ಮಾತು ಎಂದೂ ಬದಲಾಗುತ್ತಿರಲಿಲ್ಲ: "ನಮ್ಮ ಸುಮಾ ಇನ್ನೂ ಸಿಟ್ಟಿನ್ಯಾಗ ಅದಾಳ್ರಿ."

ಈಗ ಆ ಹಬ್ಬವಿಲ್ಲ. ನಮ್ಮ ಮನೆಯಿದ್ದ ಸಾಲನ್ನು ಕೆಡವಿದ್ದಾರೆ. ಕಳೆದ ವರ್ಷ ಹೋದಾಗ ಅಡುಗೆಮನೆ ಯಾವ ದಿಕ್ಕಿಗಿತ್ತೆಂದೂ ಹೊಳೆಯಲಿಲ್ಲ. ಹಮೀದಾಕ ಹೋದರು, ಅವ್ವ ಹೋದಳು. ಅಲ್ ಹಿಲಾಲ್ ಬಡಾವಣೆಯ ನನ್ನ ಫ್ಲ್ಯಾಟಿನಲ್ಲಿರುವ ಅಪ್ಪನಿಂದ ಒಂದೊಂದೇ ನೆನಪು ಹೋಗುತ್ತಿದೆ. ಚಳಿಗಾಲದಿಂದೀಚೆಗೆ ಅವನ ಬಾಯಲ್ಲಿ ನನ್ನ ಹೆಸರು ಬಂದಿಲ್ಲ. ಹೋದ ನೆನಪು ಇನ್ನು ಮರಳುವುದಿಲ್ಲ ಎಂದು ಡಾಕ್ಟರು ಸಮಾಧಾನದಿಂದಲೇ ಹೇಳಿದ್ದಾರೆ. ಆದರೂ ಚೆಂಡು ಕೊಂಡೆ. ಅದನ್ನು ಮುಟ್ಟಿ, ಆ ಕೊನೆಯ ಮಾತೊಂದನ್ನು ಇನ್ನೊಮ್ಮೆ ಅಂದಾನು ಎಂಬ ಆಸೆ.

ಸಂಜೆ ಕಿಟಕಿಯ ಬಳಿ ಕೂರಿಸಿ ಕೈಗಿಟ್ಟೆ. ಅಪ್ಪ ಹೆಬ್ಬೆರಳಿನಿಂದ ಹೊಲಿಗೆ ಸವರಿದ. ಮೂಗಿಗೆ ಹಿಡಿದ. ಮುಖ ಸ್ವಲ್ಪ ಅರಳಿತು. ನಾನು ಹತ್ತಿರ ಬಗ್ಗಿದೆ.

"ಯಾರದವಾ ತಂಗಿ ಇದು?" ಎಂದ. "ಲಗೂನ ಕೊಟ್ಟು ಬಾ. ಪಾಪ, ಆಟ ನಿಂತಿರತದ ಅವರದು."

"ಕೊಟ್ಟು ಬರ್ತೀನಿ ಅಪ್ಪಾ" ಎಂದೆ. ಅಪ್ಪಾ ಎಂದು ಯಾರನ್ನು ಕರೆದೆನೋ ಎಂದು ಅವನು ತಿರುಗಿ ಹಿಂದೆ ನೋಡಿದ.

ಚೆಂಡು ತೆಗೆದುಕೊಂಡು ಹೊರಗೆ ಹೋಗಿ, ಅದನ್ನು ಚಪ್ಪಲಿ ಗೂಡಿನೊಳಗೆ ಬಚ್ಚಿಟ್ಟು, ಬರಿಗೈಯಲ್ಲಿ ಒಳಬಂದೆ. ಕೊಟ್ಟೆಯಾ ಎಂದು ಅವನು ಕೇಳಲಿಲ್ಲ. ರಾತ್ರಿ ಊಟಕ್ಕೆ ಮೆತ್ತಗೆ ಕಿವುಚಿದ ಅನ್ನ, ಹೆಸರುಬೇಳೆ ತೊವ್ವೆ, ಕಡೆಗೆ ಎರಡು ಚಮಚ ಮೊಸರು. ನಾನೂ ಅದನ್ನೇ ಉಂಡೆ. ಅಪ್ಪ ಮೊದಲು ಮಲಗಿದ.