ಬಿಟ್ಟು ಓದುವ ಸಾಲುಗಳು

ಗಂಡ ತೀರಿಕೊಂಡ ವರ್ಷದಿಂದಲೂ ಲಕಮನಹಳ್ಳಿಯ ಸಣ್ಣ ಚರ್ಚಿನ ಕೀಲಿಕೈ ಸುಮಲತಾಳ ಸೊಂಟದಲ್ಲಿತ್ತು. ವಾರವಿಡೀ ಮಸಾಲೆ ಕಾರ್ಖಾನೆಯಲ್ಲಿ ಮೆಣಸಿನಕಾಯಿ ಘಾಟು ಕುಡಿದು, ಶನಿವಾರ ಸಂಜೆ ಬಂದು ಚರ್ಚಿನ ಬೆಂಚು ಒರೆಸುವಳು, ಮೇಜಿನ ಬಟ್ಟೆ ಇಸ್ತ್ರಿ ಮಾಡುವಳು. ಅಂಥವಳ ಮೇಲೆ ಕಳ್ಳತನ ಹೊರಿಸಿದರು!

ಪ್ರಭುಭೋಜನದಲ್ಲಿ ದ್ರಾಕ್ಷಾರಸ ಕೊಡುವ ಬೆಳ್ಳಿ ಬಟ್ಟಲು ಕಾಣೆಯಾಗಿತ್ತು. ಸಭೆಯ ಹಿರಿಯರಾದ ಸತ್ಯಪ್ಪನವರು ಆರಾಧನೆ ಮುಗಿಯುತ್ತಲೇ ಎದ್ದು ನಿಂತರು.

“ಬಟ್ಟಲಾ ಹೋಗೇತಿ. ಚಾವಿ ಯಾರ ಕಡೆ ಇತ್ತು ಅನ್ನೂದು ಎಲ್ಲಾರಿಗೂ ಗೊತ್ತದ. ನಾ ಏನೂ ಹೇಳಂಗಿಲ್ಲ.”

ಹೇಳುವುದಿಲ್ಲ ಎನ್ನುತ್ತಲೇ ಎಲ್ಲ ಹೇಳಿ ಮುಗಿಸಿದ್ದರು. ಅಲ್ಲೇ ಕೀಲಿಕೈ ಕಸಿದುಕೊಂಡರು. ಮರುವಾರ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಕಾರ್ಖಾನೆಯಲ್ಲಿ ಪಕ್ಕದವಳು ತನ್ನ ಬುತ್ತಿಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಕಡೆಗೆ ಬಟ್ಟಲು ಸಿಕ್ಕಿದ್ದು ದೇಶಪಾಂಡೆ ನಗರದಲ್ಲಿ, ಸತ್ಯಪ್ಪನವರ ಮನೆಯ ಕಪಾಟಿನಲ್ಲೇ! ಅವರು ಸುಮಲತಾಳನ್ನು ಚರ್ಚಿನ ಹಿಂದಿನ ಕೋಣೆಗೆ ಕರೆದು, ಚಹಾ ತರಿಸಿ, ಕೀಲಿಕೈ ಮುಂದೆ ಸರಿಸಿದರು.

“ಸೊಸಿ ಪಾಲಿಶ್ ಮಾಡಸಾಕ ಒಯ್ದು ಮರತಿದ್ಳು. ಕ್ಷಮಾ ಮಾಡವಾ. ಇದು ನಮ್ಮೊಳಗ ಇರಲಿ.”

“ಮಂದ್ಯಾಗ ನನ್ನ ಮಾನಾ ಕಳದ್ರಿ. ಮಂದ್ಯಾಗ ವಾಪಸ್ ಕೊಡ್ರಿ.”

“ಹಂಗ ಮಾಡಿದ್ರ ನನ್ನ ಮರ್ಯಾದಿ ಏನಾಗಬೇಕು?”

ಅವಳು ಚಹಾ ಮುಟ್ಟಲಿಲ್ಲ, ಕೀಲಿಕೈಯನ್ನೂ ಮುಟ್ಟಲಿಲ್ಲ. ಅವರದು ಮರ್ಯಾದೆ, ಇವಳದೇನು ಬೆಂಚು ಒರೆಸುವ ಅರಿವೆಯೇ?

ಮುಂದಿನ ರವಿವಾರ ಬೈಬಲಿನ ಕೀರ್ತನೆ ಓದುವ ಪಾಳಿ ಅವಳದು. ಸಾವಿರಾರು ವರ್ಷಗಳ ಹಿಂದೆ ಯೆಹೂದಿಗಳ ಪೂರ್ವಜರಾದ ಇಬ್ರಿಯರು ದೇವರೆದುರು ಗೋಳಾಡಿದ ಪ್ರಾರ್ಥನೆ ಅದು. ನಾಲ್ಕು ಜನರೆದುರು ನನ್ನ ತಲೆ ತಗ್ಗದಿರಲಿ ಎಂದು ಬೇಡುವ ಸಾಲುಗಳನ್ನು ಓದಿ, ತಲೆ ತಗ್ಗುವಂತೆ ಮಾಡಿದವರಿಗೂ ಅದೇ ಗತಿ ಬರಲಿ ಎಂಬ ಸಾಲುಗಳನ್ನು ಬಿಡುವುದು ಆ ಚರ್ಚಿನ ರೂಢಿ. ಶಾಪ ನಮ್ಮ ಬಾಯಲ್ಲಿ ಶೋಭಿಸುವುದಿಲ್ಲ ಎಂದು ಸತ್ಯಪ್ಪನವರೇ ಮಾಡಿದ ರೂಢಿ. ಓದು ಮುಗಿದೊಡನೆ ‘ಹಾಗೇ ಆಗಲಿ’ ಎನ್ನುವ ಮೊದಲ ಆಮೆನ್ ಅವರದು, ಆಮೇಲೆ ಸಭೆಯದು.

ಸುಮಲತಾ ಒಂದಕ್ಷರವನ್ನೂ ಬಿಡಲಿಲ್ಲ. ಸುಳ್ಳು ಹೊರಿಸಿದವರು ನಾಚಿಕೆಯಿಂದ ಮುಖ ಮುಚ್ಚಿಕೊಳ್ಳಲಿ ಎಂಬಲ್ಲಿ ದನಿ ಏರಿಸಿದಳು. ಓದು ಮುಗಿಯಿತು. ಆಮೆನ್ ಬರಲಿಲ್ಲ. ಸತ್ಯಪ್ಪನವರ ಬಾಯಿ ಅರ್ಧ ತೆರೆದು ಹಾಗೇ ನಿಂತಿತ್ತು. ಪಾಸ್ಟರ್ ಕೆಮ್ಮಿ, ವೇದಿಕೆಯಿಂದ ಇಳಿಯುವಂತೆ ಸನ್ನೆ ಮಾಡಿದರು.

“ಆಮೆನ್ ಅನ್ರಿ, ಹಿರೇರ,” ಎಂದಳು ಸುಮಲತಾ. “ಇಲ್ಲಂದ್ರ ಬಟ್ಟಲಾ ಎಲ್ಲಿ ಸಿಕ್ತು, ಹೇಳ್ರಿ. ಎರಡರಾಗ ಒಂದು ಆಗೂತನಾ ನಾ ಇಲ್ಲಿಂದ ಇಳಿಯಂಗಿಲ್ಲ.”

ಸತ್ಯಪ್ಪನವರು ಬೆಂಚು ಹಿಡಿದು ಎದ್ದರು. “ನಮ್ಮ ಮನ್ಯಾಗಿತ್ತು,” ಎಂದು ಗೊಣಗಿದರು.

“ಹಿಂದ ಕುಂತವರಿಗೆ ಕೇಳಲಿಲ್ರಿ.”

“ನಮ್ಮ ಮನ್ಯಾಗಿತ್ತು! ಸುಮಲತಾ ತಗೊಂಡಿದ್ದಿಲ್ಲ. ತಪ್ಪು ನಂದು.”

“ಆಮೆನ್,” ಎಂದಳು ಅವಳು. ನಿಂತಲ್ಲಿಂದಲೇ ಕೈ ಚಾಚಿದಳು. “ಈಗ ತಂದು ಕೊಡ್ರಿ ಚಾವಿ.”